ದೂರದರ್ಶನ ಪರಿತ್ಯಾಗ

ಬಿಟ್ಟದ್ದೆಲ್ಲವೂ ತ್ಯಾಗವಾಗಲಾರದು. ಹಲ್ಲು ಬಿದ್ದವನು ಕಡಲೆಯನ್ನು ಬಿಟ್ಟರೆ ಅದಕ್ಕೆ ವ್ರತವೆಂದು ಯಾರೂ ಹೆಸರಿಡುವುದಿಲ್ಲ. ವೈದ್ಯನ ಮಾತಿಗೆ ಅಂಜಿ ಉಪ್ಪನ್ನು ಬಿಟ್ಟ ರೋಗಿಯನ್ನು ತಪಸ್ವಿಯೆಂದು ಯಾರೂ ನಮಸ್ಕರಿಸುವುದಿಲ್ಲ. ತನ್ನ ಸ್ವತ್ತಾದ ದ್ರವ್ಯದಲ್ಲಿ ಇದು ಇನ್ನು ಮೇಲೆ ತನ್ನದಲ್ಲವೆಂಬ ಸಂಕಲ್ಪವನ್ನು ಮಾಡುವುದೇ ತ್ಯಾಗವೆಂದು ಮೀಮಾಂಸಕರು ಲಕ್ಷಣವನ್ನು ಹೇಳಿರುವರು. ಲಕ್ಷಣವು ಚಿಕ್ಕದು, ಆದರೆ ‘ತನ್ನ’ ಎಂಬ ಒಂದು ಶಬ್ದದಲ್ಲಿಯೇ ಅದರ ಭಾರವೆಲ್ಲವೂ ಇರುವುದು.

ಈಚಿನ ವರ್ಷಗಳಲ್ಲಿ ದೂರದರ್ಶನವನ್ನು, ಎಂದರೆ ಲೋಕರೂಢಿಯಲ್ಲಿ ಟೀವಿ ಎನಿಸಿಕೊಂಡ ಯಂತ್ರವನ್ನು, ಬಿಟ್ಟು, ನಗರದ ಗದ್ದಲದಿಂದ ದೂರವಾಗಿ, ತೋಟವೋ ಹೊಲವೋ ಇರುವ ಕಡೆ ನೆಲಸಿ, ಪ್ರಕೃತಿಗೆ ಸಮೀಪವಾದ ನೆಮ್ಮದಿಯ ಬಾಳನ್ನು ಬಾಳಬೇಕೆಂಬ ಬಯಕೆಯು ವಿದ್ಯಾವಂತ ಗೃಹಸ್ಥರಲ್ಲಿ ಅಲ್ಲಲ್ಲಿ ಕಂಡುಬರುತ್ತಿದೆ. ಬೆಂಗಳೂರಿನಲ್ಲಿ ಮೂವತ್ತು ವರ್ಷ ದುಡಿದವನು ಸಕಲೇಶಪುರದ ಕಡೆಗೋ ಶಿರಸಿಯ ಕಡೆಗೋ ಮುಖಮಾಡುವನು. ಇಂಥವನನ್ನು ಕೆಲವರು ಋಷಿಸದೃಶನೆಂದು ಹೊಗಳುವರು. ಕೆಲವರು ಹಣವುಳ್ಳವನ ಚಪಲವೆಂದು ನಗುವರು. ಹೊಗಳಿಕೆಯಾಗಲಿ ನಗೆಯಾಗಲಿ ವಿಚಾರದ ಸ್ಥಾನವನ್ನು ತುಂಬಲಾರದು. ಬಿಡುವವನು ಏನನ್ನು ಬಿಡುತ್ತಾನೆ, ಯಾರದನ್ನು ಬಿಡುತ್ತಾನೆ ಎಂಬ ಎರಡು ಪ್ರಶ್ನೆಗಳನ್ನು ಕೇಳದೆ ಈ ಕಾರ್ಯವು ಧರ್ಮವೋ ಅಲ್ಲವೋ ಎಂಬುದನ್ನು ನಿರ್ಣಯಿಸುವಂತಿಲ್ಲ.

ಇಲ್ಲದಿರುವಿಕೆಯೇ ತ್ಯಾಗವಲ್ಲವೆಂಬುದಕ್ಕೆ ಕನ್ನಡ ನಾಡಿನಲ್ಲಿಯೇ ಒಂದು ನಿದರ್ಶನವುಂಟು. 1959ರ ಸೆಪ್ಟೆಂಬರ್ 15ರಂದು ದಿಲ್ಲಿಯಲ್ಲಿ ಪ್ರಯೋಗರೂಪವಾಗಿ ಆರಂಭವಾದ ದೂರದರ್ಶನವು ಬಹುಕಾಲ ಕೆಲವು ದೊಡ್ಡ ನಗರಗಳನ್ನು ಬಿಟ್ಟು ಹೊರಗೆ ಬರಲಿಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರ ವರೆಗೆ ಒಂದು ವರ್ಷದ ಮಟ್ಟಿಗೆ ಅಮೆರಿಕದವರ ಎ.ಟಿ.ಎಸ್.-6 ಎಂಬ ಉಪಗ್ರಹವನ್ನು ಎರವಲು ಪಡೆದು, ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ವ್ಯವಸಾಯ, ಆರೋಗ್ಯ, ಶಿಕ್ಷಣ ಮೊದಲಾದ ವಿಷಯಗಳನ್ನು ಚಿತ್ರರೂಪದಲ್ಲಿ ಕಳುಹಿಸಲಾಯಿತು. ಕರ್ನಾಟಕದ ಪಾಲಿಗೆ ಅಂದಿನ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಬಂದವು. ಊರಿಗೊಂದೇ ಪೆಟ್ಟಿಗೆ, ಅದಕ್ಕೆ ತಂತಿಯ ಬಲೆಯಿಂದ ಹೆಣೆದ, ಮೂರು ಮೀಟರು ಅಗಲದ ತಟ್ಟೆ. ಬೆಳಗ್ಗೆ ಮಕ್ಕಳಿಗಾಗಿ ಒಂದೂವರೆ ಗಂಟೆ, ಸಂಜೆ ದೊಡ್ಡವರಿಗಾಗಿ ಎರಡೂವರೆ ಗಂಟೆ. ವರ್ಷವು ತುಂಬಿತು; ಒಡೆಯರು ತಮ್ಮ ಉಪಗ್ರಹವನ್ನು ಹಿಂದಕ್ಕೆ ಕರೆದುಕೊಂಡರು. 1977ರಲ್ಲಿ ಗುಲ್ಬರ್ಗದ ಪ್ರಸಾರಕೇಂದ್ರವು ಏರ್ಪಟ್ಟು ಕೆಲವು ಹಳ್ಳಿಗಳಿಗೆ ಚಿತ್ರವು ಮರಳಿ ಬಂದಿತಾದರೂ, ಆ ನಡುವಿನ ತಿಂಗಳುಗಳಲ್ಲಿ ಅಲ್ಲಿನ ರೈತರು ಜೋಳದ ಹೊಲವನ್ನೂ ಮೇಲಿನ ನಕ್ಷತ್ರಗಳನ್ನೂ ಬಿಟ್ಟು ಬೇರೇನನ್ನೂ ನೋಡುವಂತಿರಲಿಲ್ಲ. ಅದು ಪ್ರಕೃತಿಗೆ ಸಮೀಪವಾದ ಬಾಳೇ ಸರಿ. ಆದರೂ ಅವರು ದೂರದರ್ಶನವನ್ನು ತ್ಯಜಿಸಿದರೆಂದು ಹೇಳುವುದು ಹಾಸ್ಯಾಸ್ಪದವಾಗುವುದು. ಉಣ್ಣದವನಿಂದ ವಿಷಯಗಳು ತಾವಾಗಿ ದೂರಸರಿದರೂ ನಾಲಗೆಯಲ್ಲಿನ ರುಚಿಯು ಸರಿಯುವುದಿಲ್ಲವೆಂಬ ಅಭಿಪ್ರಾಯವು ಗೀತೆಯ ಎರಡನೆಯ ಅಧ್ಯಾಯದಲ್ಲಿ ಬಂದಿರುವುದನ್ನು ವಾಚಕರು ಬಲ್ಲರು.

ಹಾಗಾದರೆ ಬಿಡಬೇಕಾದದ್ದು ಯಾವುದು? ದೂರದರ್ಶನದಲ್ಲಿ ಬರುವ ಕಥೆಗಳು ಕೀಳೆಂದೂ, ಜಾಹೀರಾತುಗಳು ಆಸೆಯನ್ನು ಕೆರಳಿಸುವುವೆಂದೂ, ಸುದ್ದಿಯ ಹೆಸರಿನಲ್ಲಿ ಕಲಹವನ್ನೇ ಬಡಿಸುವರೆಂದೂ ಸಾಮಾನ್ಯವಾಗಿ ದೂರುವರು. ಇವುಗಳಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಕೀಳು ಕಥೆಗೆ ಪ್ರತಿಯಾಗಿ ಒಳ್ಳೆಯ ಕಥೆಯನ್ನು ತೋರಿಸಿದರೆ ಈ ಆಕ್ಷೇಪವು ಮುಗಿದುಹೋಗುವುದು. 1987-88ರಲ್ಲಿ ಭಾನುವಾರದ ಬೆಳಗ್ಗೆ ರಾಮಾಯಣವು ಪ್ರಸಾರವಾಗುತ್ತಿದ್ದಾಗ ಬೀದಿಗಳು ಬರಿದಾಗುತ್ತಿದ್ದುವು. ಪೆಟ್ಟಿಗೆಗೆ ಹೂವು ಏರಿಸಿ ಆರತಿ ಎತ್ತಿದ ಮನೆಗಳೂ ಇದ್ದುವು. ವಸ್ತುವು ಉತ್ತಮವಾಗಿದ್ದಾಗಲೂ ಏನೋ ಒಂದು ಉಳಿಯುವುದಾದರೆ ಅದನ್ನೇ ಹುಡುಕಬೇಕಾಗಿದೆ.

ನೈಯಾಯಿಕರು ಮನಸ್ಸನ್ನು ಅಣುಪರಿಮಾಣವೆಂದು ಸಾಧಿಸಿರುವರು. ಕಣ್ಣು, ಕಿವಿ, ಮೂಗುಗಳೆಲ್ಲವೂ ತಮ್ಮ ತಮ್ಮ ವಿಷಯಗಳಿಗೆ ತಗಲಿಕೊಂಡಿದ್ದರೂ ಮನಸ್ಸು ಒಂದು ಕ್ಷಣದಲ್ಲಿ ಒಂದೇ ಇಂದ್ರಿಯದೊಡನೆ ಕೂಡಬಲ್ಲುದು. ಒಂದೇ ಕಾಲದಲ್ಲಿ ಎಲ್ಲವೂ ತೋರಿದಂತಾಗುವುದು ಅದರ ವೇಗದಿಂದ ಆಗುವ ಭ್ರಮೆ. ತಿರುಗಿಸಿದ ಕೊಳ್ಳಿಯು ಬೆಂಕಿಯ ಚಕ್ರವಾಗಿ ಕಾಣುವುದೇ ಅವರು ಇದಕ್ಕೆ ಕೊಡುವ ದೃಷ್ಟಾಂತ. ಆಶ್ಚರ್ಯವೇನೆಂದರೆ ದೂರದರ್ಶನವು ನಡೆಯುವುದೂ ಈ ಕೊಳ್ಳಿಯ ನ್ಯಾಯದಿಂದಲೇ. ಭಾರತದ ಪದ್ಧತಿಯಲ್ಲಿ ಒಂದು ಸೆಕೆಂಡಿಗೆ 25 ನಿಶ್ಚಲಚಿತ್ರಗಳು ಒಂದರ ಹಿಂದೊಂದು ಬಂದು ಚಲಿಸುವ ಮನುಷ್ಯನಾಗಿ ತೋರುವುವು. ಅಷ್ಟು ವೇಗವಾಗಿ ಬರುವುದನ್ನು ಹಿಂಬಾಲಿಸುವ ಮನಸ್ಸಿಗೆ ಪಕ್ಕದಲ್ಲಿ ಕುಳಿತವರ ಕಡೆಗೆ ಹೊರಳುವುದಕ್ಕೆ ಎಡೆಯೆಲ್ಲಿ? ಅಡುಗೆಮನೆಯಿಂದ ಮೂರು ಸಲ ಕರೆದರೂ ಓಗೊಡದವನ ಕಿವಿಯು ಕೆಟ್ಟಿರುವುದಿಲ್ಲ. ಅಣುವಾದ ಮನಸ್ಸು ಬೇರೆಲ್ಲಿಯೋ ಖರ್ಚಾಗಿರುವುದು. ಇದು ಮೊದಲನೆಯ ಹಾನಿ.

ಎರಡನೆಯದು ಇದಕ್ಕಿಂತ ದೊಡ್ಡದು. ಪರದೆಯ ಮೇಲೆ ಕಾಣುವುದು ನೋಡುವವನಿಂದ ಏನನ್ನೂ ಕೇಳುವುದಿಲ್ಲ. ಅಲ್ಲಿ ಮಗು ಅತ್ತರೆ ಎತ್ತಿಕೊಳ್ಳಬೇಕಾಗಿಲ್ಲ. ಮನೆಗೆ ಬೆಂಕಿ ಬಿದ್ದರೆ ಕೊಡವನ್ನು ಹಿಡಿದು ಓಡಬೇಕಾಗಿಲ್ಲ. ಕಣ್ಣೀರು ಮಾತ್ರ ಬರುವುದು, ಕೈ ಏಳುವುದಿಲ್ಲ. ದಿನಕ್ಕೆ ನಾಲ್ಕು ಗಂಟೆಯಂತೆ ಹತ್ತು ವರ್ಷ ಈ ಅಭ್ಯಾಸವನ್ನು ಮಾಡಿದವನಿಗೆ, ಎದುರುಮನೆಯಲ್ಲಿ ನಿಜವಾಗಿ ಮಗು ಅತ್ತಾಗಲೂ ಕೈ ಏಳದಿದ್ದರೆ ಆಶ್ಚರ್ಯಪಡಬೇಕಾದದ್ದಿಲ್ಲ. ಕೆನಡಾ ದೇಶದಲ್ಲಿ, ಕಣಿವೆಯೊಂದರಲ್ಲಿದ್ದುದರಿಂದ 1973ರ ವರೆಗೆ ದೂರದರ್ಶನವು ತಲಪದಿದ್ದ ಒಂದು ಊರನ್ನು ವಿದ್ವಾಂಸರು ಮೊದಲೊಮ್ಮೆಯೂ, ದೂರದರ್ಶನವು ಬಂದ ಎರಡು ವರ್ಷಗಳ ತರುವಾಯ ಮತ್ತೊಮ್ಮೆಯೂ ಪರೀಕ್ಷಿಸಿದರು. ಊರಿನ ನಿಜನಾಮವನ್ನು ಮರೆಮಾಡಿ ‘ನೋಟೆಲ್’ ಎಂದು ಕರೆದ ಆ ಅಧ್ಯಯನವು ಟ್ಯಾನಿಸ್ ಮ್ಯಾಕ್‌ಬೆತ್ ವಿಲಿಯಮ್ಸ್ ಎಂಬಾಕೆಯ ಸಂಪಾದಕತ್ವದಲ್ಲಿ 1986ರಲ್ಲಿ ಗ್ರಂಥರೂಪವಾಗಿ ಹೊರಬಂದಿತು. ಮೊದಲು ನೆರೆಯ ಊರುಗಳ ಮಕ್ಕಳಿಗಿಂತ ಹೊಸ ಹೊಸ ಕಲ್ಪನೆಗಳನ್ನು ಮಾಡುವುದರಲ್ಲಿ ಮುಂದಾಗಿದ್ದ ಅಲ್ಲಿನ ಮಕ್ಕಳು ಆಮೇಲೆ ಅವರ ಮಟ್ಟಕ್ಕೇ ಇಳಿದರು. ಆಟಗಳಲ್ಲಿ ಜಗಳವು ಹೆಚ್ಚಿತು. ದೊಡ್ಡವರು ಊರಿನ ಕೂಟಗಳಿಗೆ ಬರುವುದು ಕಡಮೆಯಾಯಿತು. ಇಲ್ಲಿ ಗಮನಿಸತಕ್ಕದ್ದು ಕೊನೆಯ ಮಾತು. ಪೆಟ್ಟಿಗೆಯು ಬಂದಾಗ ಊರಿಗೆ ಏನೋ ಕೂಡಿಕೊಂಡಂತೆ ಕಂಡರೂ, ನಿಜವಾಗಿ ಊರು ತನ್ನ ಜನರನ್ನೇ ಕಳೆದುಕೊಂಡಿತು.

ಇದಕ್ಕೆ ಒಂದು ಪೂರ್ವಪಕ್ಷವುಂಟು. ರಾತ್ರಿಯೆಲ್ಲ ಯಕ್ಷಗಾನವನ್ನು ನೋಡುತ್ತ ಕುಳಿತ ಅಜ್ಜಂದಿರೂ ನೋಡುವವರೇ ಅಲ್ಲವೆ? ಹರಿಕಥೆಯಲ್ಲಿ ಚಂದ್ರಮತಿಯ ದುಃಖವನ್ನು ಕೇಳಿ ಸೆರಗಿನಿಂದ ಕಣ್ಣೊರಸಿಕೊಂಡ ಅಜ್ಜಿಯ ಕೈ ಎದ್ದಿತೆ? ಹಳೆಯದೆಂಬ ಒಂದೇ ಕಾರಣದಿಂದ ಒಂದನ್ನು ಪುಣ್ಯವೆಂದೂ ಹೊಸದನ್ನು ಪಾಪವೆಂದೂ ಹೇಳುವುದು ಪಕ್ಷಪಾತವಲ್ಲವೆ? ಆಕ್ಷೇಪವು ಬಲವಾದದ್ದೇ. ಆದರೆ ಹರಿಕಥೆಯ ದಾಸರು ಮುಂದಿನ ಸಾಲಿನಲ್ಲಿ ತೂಕಡಿಸುವವನನ್ನು ಕಂಡರೆ ಒಂದು ನಗೆಯ ಉಪಕಥೆಯನ್ನು ಎತ್ತುವರು. ಹೆಂಗಸರ ಗುಂಪಿನಲ್ಲಿ ಬಿಕ್ಕುವ ದನಿ ಕೇಳಿದರೆ ತಾಳವನ್ನು ನಿಲ್ಲಿಸಿ ಒಂದು ಗಳಿಗೆ ಸುಮ್ಮನಿರುವರು. ಆಟದಲ್ಲಿ ಕುಳಿತವರಿಗೆ ಪಕ್ಕದ ಚಾಪೆಯವರ ಎಲೆಯಡಿಕೆಯಲ್ಲಿ ಪಾಲುಂಟು. ನೋಡುವವನನ್ನು ಅಲ್ಲಿ ನೋಡುವವರಿದ್ದಾರೆ. ಎಲ್ಲಕ್ಕಿಂತ ಮುಖ್ಯವಾಗಿ ಅದಕ್ಕೆ ಮಂಗಳವಿದೆ. ಬೆಳಕು ಹರಿಯಿತೆಂದರೆ ಆಟವು ಮುಗಿಯಿತು. ಎದ್ದು ಹೋಗಿ ಹಾಲು ಕರೆಯಬೇಕು. ಮೊದಲಿನ ದೂರದರ್ಶನಕ್ಕೂ ಮಂಗಳವಿತ್ತು. ರಾತ್ರಿ ಇಂತಿಷ್ಟು ಹೊತ್ತಿಗೆ ಪ್ರಸಾರವು ನಿಂತು ಪರದೆಯ ಮೇಲೆ ಬೂದಿಯ ಬಣ್ಣ ಮಾತ್ರ ಉಳಿಯುತ್ತಿತ್ತು. 1991ರ ಅನಂತರ ಉಪಗ್ರಹಗಳ ಮೂಲಕ ಖಾಸಗಿ ವಾಹಿನಿಗಳು ಬಂದು ಹಗಲಿರುಳು ಪ್ರಸಾರವು ನಡೆಯತೊಡಗಿದಾಗ ಈ ಮಂಗಳವು ತಪ್ಪಿಹೋಯಿತು. ಮಂಗಳವಿಲ್ಲದ ಕಥೆಯನ್ನು ಮುಗಿಸುವ ಭಾರವು ಈಗ ಕೇಳುವವನ ತಲೆಯ ಮೇಲೆಯೇ ಬಿದ್ದಿರುವುದು.

ಇನ್ನು ಪ್ರಕೃತಿಯ ಸಾಮೀಪ್ಯವೆಂಬುದನ್ನು ವಿಚಾರಿಸಬೇಕು. ಕಾಡಿಗೆ ಹೋದ ಮಾತ್ರಕ್ಕೆ ಕಣ್ಣಿನ ಹಸಿವು ತೀರುವುದೆಂದು ನಂಬುವವರು ವಿಷ್ಣುಪುರಾಣದಲ್ಲಿನ ಸೌಭರಿಯ ಕಥೆಯನ್ನು ನೆನೆಯಬೇಕು. ಆ ಮಹರ್ಷಿಯು ಲೋಕದ ಸದ್ದು ಕೇಳದಿರಲೆಂದು ನೀರಿನೊಳಗೆ ಹನ್ನೆರಡು ವರ್ಷ ತಪಸ್ಸು ಮಾಡಿದನು. ಅದಕ್ಕಿಂತ ನಿಶ್ಶಬ್ದವಾದ, ಪ್ರಕೃತಿಗೆ ಸಮೀಪವಾದ ಸ್ಥಳವು ಎಲ್ಲಿಯಾದರೂ ಉಂಟೆ? ಅಲ್ಲಿಯೂ ಒಂದು ದೊಡ್ಡ ಮೀನು ಮಕ್ಕಳು ಮೊಮ್ಮಕ್ಕಳೊಡನೆ ಹಿಂದೆ ಮುಂದೆ ಆಡುತ್ತಿದ್ದಿತು. ಋಷಿಯು ನೋಡಿದನು, ಮರುದಿನವೂ ನೋಡಿದನು, ನೋಡುವುದೇ ಅವನ ನಿತ್ಯಕರ್ಮವಾಯಿತು. ಕೊನೆಗೆ ನೀರಿನಿಂದೆದ್ದು ಮಾಂಧಾತನ ಅರಮನೆಗೆ ಹೋಗಿ ಅವನ ಐವತ್ತು ಮಂದಿ ಕನ್ಯೆಯರನ್ನು ಮದುವೆಯಾದನು. ಪೆಟ್ಟಿಗೆಯನ್ನು ಮಾರಿ ಜೇಬಿನಲ್ಲಿ ಮೊಬೈಲನ್ನು ಇಟ್ಟುಕೊಂಡು ತೋಟಕ್ಕೆ ಹೋಗುವ ಇಂದಿನ ಗೃಹಸ್ಥನಿಗೆ ಈ ಕಥೆಯು ಬಲು ಹತ್ತಿರದ್ದು. ಮೊಬೈಲೂ ಇಲ್ಲವೆಂದಿಟ್ಟುಕೊಂಡರೂ, ಜಗಲಿಯ ಮೇಲಿನ ಕುರ್ಚಿಯಲ್ಲಿ ಕುಳಿತು ಬೆಟ್ಟದ ಮೇಲಿನ ಮಂಜನ್ನು ಚಿತ್ರಪಟದಂತೆ ನೋಡುವವನು ಪರದೆಯನ್ನು ಬದಲಾಯಿಸಿದನೇ ಹೊರತು ಬೇರೆ ಏನನ್ನೂ ಬಿಟ್ಟವನಲ್ಲ.

ಪ್ರಕೃತಿಗೂ ಪರದೆಗೂ ಇರುವ ನಿಜವಾದ ಭೇದವು ಸೌಂದರ್ಯದಲ್ಲಿಲ್ಲ. ಅಂಗಳದಲ್ಲಿ ಅಡಿಕೆಯನ್ನು ಹರವಿದಾಗ ಪಡುವಣದಲ್ಲಿ ಮೋಡವು ಕಂಡರೆ ಆ ಮೋಡವು ಕೇವಲ ನೋಟವಲ್ಲ. ಅದು ಒಂದು ಆಜ್ಞೆ. ಮನೆಯಲ್ಲಿದ್ದವರೆಲ್ಲರೂ ಓಡಿಬಂದು ಬಾಚಿ ಒಳಗೆ ಹಾಕಬೇಕು. ಕೊಟ್ಟಿಗೆಯಲ್ಲಿ ಹಸುವು ಕೂಗಿದರೆ ಅದನ್ನು ಕೇಳಿ ಆನಂದಿಸುವಂತಿಲ್ಲ. ಬಾನಿಗೆ ನೀರು ತುಂಬಬೇಕು. ಅಮೆರಿಕದ ತೋರೋ ಎಂಬ ತತ್ತ್ವಜ್ಞನು 1845ರ ಜುಲೈ 4ರಂದು ವಾಲ್ಡನ್ ಕೊಳದ ದಂಡೆಯ ಗುಡಿಸಲಿಗೆ ಹೋಗಿ 1847ರ ಸೆಪ್ಟೆಂಬರ್ 6ರ ವರೆಗೆ ಅಲ್ಲಿದ್ದನು. ಅವನನ್ನು ಮೌನದ ಉಪಾಸಕನೆಂದು ಹೊಗಳುವವರು ಸಾಮಾನ್ಯವಾಗಿ ಅವನ ಅವರೆಯ ಜಾತಿಯ ಹುರುಳಿಕಾಯಿ ಹೊಲವನ್ನು ಮರೆಯುವರು. ಸುಮಾರು ಎರಡೂವರೆ ಎಕರೆಯ ನೆಲದಲ್ಲಿ ಅವನು ನೆಟ್ಟ ಸಾಲುಗಳನ್ನು ಒಂದಕ್ಕೊಂದು ಜೋಡಿಸಿದರೆ ಏಳು ಮೈಲಿ ಉದ್ದವಾಗುತ್ತಿತ್ತೆಂದು ಅವನೇ ಲೆಕ್ಕ ಕೊಟ್ಟಿರುವನು. ಅಷ್ಟು ಉದ್ದಕ್ಕೂ ಕಳೆಯನ್ನು ಕೀಳುವವನ ಮೌನವು ಬೇರೆ, ಕುರ್ಚಿಯವನ ಮೌನವು ಬೇರೆ. ಆ ಗುಡಿಸಲು ಕಾಂಕರ್ಡ್ ಊರಿನಿಂದ ಒಂದೂವರೆ ಮೈಲಿ ದೂರದಲ್ಲಿ, ಮಿತ್ರನಾದ ಎಮರ್ಸನ್ನನ ಜಮೀನಿನಲ್ಲಿತ್ತು. ಅವನು ಆಗಾಗ ಊರಿಗೆ ಹೋಗಿಬರುತ್ತಿದ್ದನು. ಈ ಕಾರಣಕ್ಕಾಗಿ ಅವನನ್ನು ಕಪಟಿಯೆಂದು ಹಳಿಯುವವರ ಮಾತು ಯುಕ್ತವಲ್ಲ. ಆದರೆ ಇನ್ನೊಂದು ಅಂಶವನ್ನು ಮರೆಯಲಾಗದು: ತೋರೋ ಅವಿವಾಹಿತನಾಗಿದ್ದನು. ಅವನು ಬಿಟ್ಟದ್ದು ಅವನದು ಮಾತ್ರ.

ಇಲ್ಲಿಂದ ಎರಡನೆಯ ಪ್ರಶ್ನೆಯು ಹುಟ್ಟುವುದು; ಕಷ್ಟವಾದದ್ದೂ ಇದೇ. ವಿಶ್ವಜಿತ್ ಎಂಬ ಯಾಗದಲ್ಲಿ ಯಜಮಾನನು ತನ್ನ ಸರ್ವಸ್ವವನ್ನೂ ದಕ್ಷಿಣೆಯಾಗಿ ಕೊಡಬೇಕೆಂದು ವಿಧಿಯಿದೆ. ಸರ್ವಸ್ವವೆಂದರೆ ತಂದೆ ತಾಯಿಗಳನ್ನೂ ಕೊಡಬೇಕೆ ಎಂದು ಜೈಮಿನಿಯ ಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಚರ್ಚೆಯು ಬರುವುದು. ‘ನನ್ನ ತಂದೆ’, ‘ನನ್ನ ತಾಯಿ’ ಎಂದು ವ್ಯವಹರಿಸಿದರೂ ಅವರಲ್ಲಿ ಮಗನಿಗೆ ಸ್ವಾಮ್ಯವಿಲ್ಲ. ಸ್ವಾಮ್ಯವಿಲ್ಲದ್ದನ್ನು ಕೊಡುವಂತಿಲ್ಲವೆಂದು ಸಿದ್ಧಾಂತ. ಓದುವಾಗ ವಿದ್ಯಾರ್ಥಿಗಳು ಇದನ್ನು ವ್ಯರ್ಥವಾದ ಕೂದಲು ಸೀಳುವಿಕೆಯೆಂದು ಭಾವಿಸುವುದುಂಟು. ಆದರೆ ಗೃಹಸ್ಥನೊಬ್ಬನು ಒಂದು ದಿನ ಮನೆಗೆ ಬಂದು “ಇನ್ನು ಮೇಲೆ ಈ ಮನೆಯಲ್ಲಿ ಟೀವಿ ಬೇಡ” ಎಂದು ಸಾರುವಾಗ, ಎಪ್ಪತ್ತೆಂಟು ವರ್ಷದ ಅವನ ತಾಯಿಯು ಮೂಲೆಯ ಮಂಚದ ಮೇಲೆ ಕುಳಿತಿದ್ದರೆ, ಈ ಅಧಿಕರಣವು ಜೀವವನ್ನು ತಳೆದು ಎದ್ದು ನಿಲ್ಲುವುದು.

ಆಕೆಯ ಮಂಡಿಗಳು ಮಡಿಸಲಾರವು. ದೇವಸ್ಥಾನಕ್ಕೆ ಮೆಟ್ಟಿಲುಗಳಿವೆ. ಓದೋಣವೆಂದರೆ ಕಣ್ಣಿಗೆ ಅಕ್ಷರಗಳು ಕೂಡುವುದಿಲ್ಲ. ಓರಗೆಯ ಗೆಳತಿಯರಲ್ಲಿ ಇಬ್ಬರು ತೀರಿಕೊಂಡರು, ಒಬ್ಬಳು ಮಗಳ ಮನೆಗೆ ಹೋದಳು. ಸಂಜೆ ಏಳು ಗಂಟೆಗೆ ತಪ್ಪದೆ ಬಂದು ಆಕೆಯ ಎದುರಿಗೆ ತಮ್ಮ ಸುಖದುಃಖಗಳನ್ನು ಹೇಳಿಕೊಳ್ಳುವವರು ಧಾರಾವಾಹಿಯ ಅತ್ತೆಸೊಸೆಯರು ಮಾತ್ರ. ಅವರು ಮಿಥ್ಯೆಯೆಂಬುದು ಆಕೆಗೆ ತಿಳಿಯದ ವಿಷಯವಲ್ಲ. ಆದರೆ ಮಗನು ತನ್ನ ಕಛೇರಿಯನ್ನೂ ಸ್ನೇಹಿತರನ್ನೂ ಸಾಕಾಗುವಷ್ಟು ಅನುಭವಿಸಿ, ಗದ್ದಲದಿಂದ ಬೇಸತ್ತು, ನಿಶ್ಶಬ್ದವನ್ನು ಬಯಸುತ್ತಿರುವನು. ಆಕೆಗೋ ನಿಶ್ಶಬ್ದವು ಬೇಕಾದದ್ದಕ್ಕಿಂತ ಹೆಚ್ಚಾಗಿ ಈಗಾಗಲೇ ದೊರೆತಿರುವುದು. ಮಗನಿಗೆ ಅಮೃತವಾದದ್ದು ತಾಯಿಗೆ ಉಪವಾಸ. ಅವನು ಪೆಟ್ಟಿಗೆಯನ್ನು ಹೊರಗೆ ಹಾಕಿದಾಗ ತನ್ನ ಪಾಲಿನ ಒಂದು ಗಂಟೆಯ ಜೊತೆಗೆ ಆಕೆಯ ಮೂರು ಗಂಟೆಗಳನ್ನೂ ದಾನಮಾಡಿರುವನು. ಕೀರ್ತಿಯು ಮಾತ್ರ ಇಡಿಯಾಗಿ ಅವನಿಗೆ ಬರುವುದು.

ಹೆಂಡತಿಯ ವಿಷಯವೂ ಬೇರೆಯಲ್ಲ. ಪ್ರಕೃತಿಯ ಮಡಿಲಿನ ಬಾಳಿನಲ್ಲಿ ಬಾವಿಯ ನೀರುಂಟು, ಸಗಣಿ ಬಾಚುವುದುಂಟು, ಹತ್ತು ಮೈಲಿ ದೂರದ ವೈದ್ಯನುಂಟು. ಗಂಡನು ಅನುಭವಿಸುವ ನೆಮ್ಮದಿಯ ಎಷ್ಟು ಪಾಲು ಆಕೆಯ ಸೊಂಟದ ನೋವಿನಿಂದ ಉತ್ಪನ್ನವಾದದ್ದೆಂದು ಲೆಕ್ಕ ಹಾಕಿದರೆ ಅನೇಕರ ವೈರಾಗ್ಯವು ಸಾಲದ ಬಾಬತಾಗಿ ಕಾಣುವುದು. ಮನುವು ವಾನಪ್ರಸ್ಥಕ್ಕೆ ಹೋಗತಕ್ಕವನು ಮುಖದ ಸುಕ್ಕನ್ನೂ ತಲೆಯ ನರೆಯನ್ನೂ ಮೊಮ್ಮಗನನ್ನೂ ಕಂಡ ಮೇಲೆ ಹೊರಡಬೇಕೆಂದನು. ಹೆಂಡತಿಯನ್ನು ಮಕ್ಕಳಿಗೆ ಒಪ್ಪಿಸಬೇಕು ಅಥವಾ ಜೊತೆಗೆ ಕರೆದುಕೊಂಡು ಹೋಗಬೇಕೆಂದನು. ಆಕೆಯ ಇಷ್ಟವೇನೆಂದು ಕೇಳಬೇಕೆಂಬುದನ್ನು ಅಲ್ಲಿ ಸೇರಿಸಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು. ಆದರೂ ಮನೆಯವರ ವ್ಯವಸ್ಥೆಯಿಲ್ಲದೆ ಅರಣ್ಯವಿಲ್ಲವೆಂಬಷ್ಟನ್ನು ಆ ಕಾಲದವರೂ ಬಲ್ಲವರಾಗಿದ್ದರು.

ಹಾಗೆಂದು ಯಾರೂ ಏನನ್ನೂ ಬಿಡಕೂಡದೆಂದಲ್ಲ. ಎಲ್ಲರೂ ಕೂಡಿ ಒಪ್ಪಿ ಸ್ವಲ್ಪವನ್ನು ಬಿಡುವ ಮಾರ್ಗವೊಂದಿದೆ. ಐಸ್‌ಲೆಂಡ್ ದೇಶದಲ್ಲಿ 1966ರಲ್ಲಿ ದೂರದರ್ಶನವು ಆರಂಭವಾದಂದಿನಿಂದ 1987ರ ವರೆಗೆ ಗುರುವಾರದಂದು ಪ್ರಸಾರವೇ ಇರಲಿಲ್ಲ. 1983ರ ವರೆಗೆ ಜುಲೈ ತಿಂಗಳು ಪೂರ್ತಿ ಬಿಡುವು. ಜನರು ಗುರುವಾರಗಳಲ್ಲಿ ಒಬ್ಬರ ಮನೆಗೆ ಒಬ್ಬರು ಹೋಗಿಬರುತ್ತಿದ್ದರು. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ ಎಂಬ ಹಳ್ಳಿಯಲ್ಲಿ 2022ರಿಂದ ಸಂಜೆ ಏಳು ಗಂಟೆಗೆ ದೇವಸ್ಥಾನದ ಮೇಲಿನ ಭೋಂಗಾ ಕೂಗಿದೊಡನೆ ಮನೆಮನೆಯವರು ಟೀವಿ ಮೊಬೈಲುಗಳನ್ನು ಮುಚ್ಚಿಡುವ ಪದ್ಧತಿಯನ್ನು ತಂದರು. ಎಂಟೂವರೆಗೆ ಎರಡನೆಯ ಕೂಗು. ಬೆಳಗಾವಿಯ ಸಮೀಪದ ಹಲಗಾ ಗ್ರಾಮದವರು ಏಳರಿಂದ ಒಂಬತ್ತರ ವರೆಗೆ ಇಂಥದೇ ನಿಯಮವನ್ನು ಮಾಡಿಕೊಂಡರು.

ಎಂಟೂವರೆಗೆ ಮತ್ತೆ ಪೆಟ್ಟಿಗೆಯನ್ನು ತೆರೆಯುವುದಾದರೆ ಇದೆಂಥ ತ್ಯಾಗವೆಂದು ಕೇಳುವವರಿದ್ದಾರೆ. ಅವರು ಮೀಮಾಂಸೆಯಲ್ಲಿ ಪರಿಸಂಖ್ಯಾವಿಧಿಯೆಂಬುದನ್ನು ನೋಡಬೇಕು. ಮಾಂಸಭಕ್ಷಣದಲ್ಲಿ ತಾನಾಗಿಯೇ ಪ್ರವೃತ್ತನಾಗಿರುವವನಿಗೆ, ಐದು ಉಗುರಿನ ಪ್ರಾಣಿಗಳಲ್ಲಿ ಇಂಥ ಐದನ್ನು ಮಾತ್ರ ತಿನ್ನಬಹುದೆಂದು ಶಾಸ್ತ್ರವು ಹೇಳಿದರೆ, ಆ ಐದನ್ನು ತಿನ್ನಲೇಬೇಕೆಂದು ಅದರ ಅರ್ಥವಲ್ಲ; ಉಳಿದವುಗಳಿಂದ ಹಿಂದೆಗೆಯಬೇಕೆಂದು ಅರ್ಥ. ಹಾಗೆಯೇ ಊರವರ ಕಟ್ಟಳೆಯು ಎಂಟೂವರೆಯ ಅನಂತರ ನೋಡಲೇಬೇಕೆಂದು ಹೇಳುವುದಿಲ್ಲ. ಮಂಗಳವಿಲ್ಲದ ಕಥೆಗೆ ಊರೇ ಕೂಡಿ ಒಂದು ಮಂಗಳವನ್ನು ಹಾಡುವುದು ಅಷ್ಟೆ. ಇದರಲ್ಲಿ ಇನ್ನೊಂದು ಗುಣವೂ ಉಂಟು. ಮಂಚದ ಮೇಲಿನ ಮುದುಕಿಯ ಪೆಟ್ಟಿಗೆಯು ಆ ಹೊತ್ತಿನಲ್ಲಿ ಮುಚ್ಚಿದ್ದರೂ, ಎದುರುಮನೆಯ ಸೊಸೆಯ ಪೆಟ್ಟಿಗೆಯೂ ಮುಚ್ಚಿರುವುದರಿಂದ ಆಕೆಯು ಮಗುವನ್ನು ಎತ್ತಿಕೊಂಡು ಬಂದು ಜಗಲಿಯ ಮೇಲೆ ಕೂರುವಳು.

ಇಂಥ ಒಪ್ಪಂದವಿಲ್ಲದ ಊರಿನಲ್ಲಿ, ಅಕ್ಕಪಕ್ಕದವರ ಹೆಸರೂ ತಿಳಿಯದ ನಗರದ ಮಹಡಿಮನೆಯಲ್ಲಿ, ಒಬ್ಬನೇ ಬಿಡಲು ಹೊರಟವನ ಗತಿಯೇನು? ಅವನ ಸ್ವಾಮ್ಯವಿರುವುದು ಪೆಟ್ಟಿಗೆಯ ಮುಂದಿನ ತನ್ನ ಕುರ್ಚಿಯಲ್ಲಿ ಮಾತ್ರ. ಆ ಕುರ್ಚಿಯನ್ನು ಅವನು ಧಾರಾಳವಾಗಿ ಬಿಡಬಹುದು. ಬೆಳಗಿನ ಹೊತ್ತು ಮಹಡಿಯ ಕುಂಡಗಳಿಗೆ ನೀರೆರೆಯಬಹುದು, ಮಗನ ಪಾಠವನ್ನು ಕೇಳಬಹುದು, ಹೆಂಡತಿಯೊಡನೆ ಕೆರೆಯ ದಂಡೆಯ ಮೇಲೆ ನಡೆದುಬರಬಹುದು. ತೋಟಕ್ಕೆ ಹೋಗುವ ಮಾತನ್ನು ಮನೆಯವರೆಲ್ಲರೂ ಕುಳಿತು ಆಡಬಹುದು. ಆದರೆ ಸಂಜೆ ಏಳಕ್ಕೆ ತಾಯಿಯ ಪೆಟ್ಟಿಗೆಯು ಆಕೆಯ ಕೋಣೆಯಲ್ಲಿ ಬೆಳಗಿದಾಗ ಅವನು ತನ್ನ ವ್ರತವನ್ನು ನೆನೆದು ಬಾಗಿಲನ್ನು ಎಳೆದುಕೊಂಡು ಹೋಗುವುದು ಯುಕ್ತವೋ, ಒಳಗೆ ಹೋಗಿ ಮಂಚದ ತುದಿಯಲ್ಲಿ ಕೂರುವುದು ಯುಕ್ತವೋ? ಕೂತರೆ ಆಕೆಯು ಖಂಡಿತವಾಗಿ “ಇವಳು ಯಾರ ಸೊಸೆಯಪ್ಪ? ನನಗೆ ಮರೆತೇಹೋಗುತ್ತೆ” ಎಂದು ಕೇಳುವಳು. ಉತ್ತರ ಹೇಳಬೇಕಾದರೆ ಹಿಂದಿನ ದಿನದ ಕಥೆಯು ತಿಳಿದಿರಬೇಕಾಗುವುದು. ಅಷ್ಟರ ಮಟ್ಟಿಗೆ ಅವನ ವ್ರತಕ್ಕೆ ಭಂಗ ಬರುವುದಾದರೆ ಬರಲಿ.